ಹೊಸ ಉದ್ದಿಮೆಯ ಸಭೆ: ಹಿರಿಯರ ಸರದಿ ಕೊನೆಗಿರಲಿ

ಉದ್ದಿಮೆಯೊಂದನ್ನು ಆರಂಭಿಸಲು ಹಣ ಬೇಕು, ಸ್ಥಳ ಬೇಕು, ಯಂತ್ರ ಬೇಕು, ಪರವಾನಗಿ ಬೇಕು ಎಂಬುದನ್ನು ಎಲ್ಲರೂ ಬಲ್ಲರು. ಇವೆಲ್ಲವುಗಳ ಜೊತೆಗೆ ಕೂಡಿ ಕುಳಿತು ಮಾತನಾಡುವ ಒಂದು ಕ್ರಮವೂ ಬೇಕು ಎಂಬುದು ಮಾತ್ರ ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಸಭೆ ಎಂದರೆ ನಾಲ್ಕು ಜನ ಸೇರುವುದು, ಕಾಫಿ ಕುಡಿಯುವುದು, ಏಳುವುದು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಬಂಧುಗಳೂ ನೆರೆಹೊರೆಯವರೂ ಸೇರಿ ಕಟ್ಟಿದ ಎಷ್ಟೋ ಉದ್ದಿಮೆಗಳು ಹಣವಿಲ್ಲದೆ ಒಡೆದವುಗಳಲ್ಲ; ಆಡಬೇಕಾದ ಮಾತನ್ನು ಆಡಬೇಕಾದ ಸ್ಥಳದಲ್ಲಿ ಆಡದೆ ಒಡೆದವುಗಳು. ಅವು ಒಡೆದಾಗ ಅಂಗಡಿಯ ಬಾಗಿಲು ಮಾತ್ರ ಮುಚ್ಚುವುದಿಲ್ಲ. ಅಣ್ಣತಮ್ಮಂದಿರ ಮನೆಗಳ ನಡುವಿನ ಬಾಗಿಲೂ ಮುಚ್ಚುತ್ತದೆ. ಆದುದರಿಂದ ಈ ತಿಂಗಳು ಈ ವಿಷಯವನ್ನು ಓದುಗರೊಡನೆ ವಿಚಾರ ಮಾಡಬೇಕೆನಿಸಿತು.

ಬಣಕಲ್, ಕೊಟ್ಟಿಗೆಹಾರ, ಮೂಡಿಗೆರೆ, ಕಳಸದ ಕಡೆಯ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಕಾಫಿಯನ್ನೂ ಕಾಳುಮೆಣಸನ್ನೂ ಮೂಟೆಯಲ್ಲಿಯೇ ವ್ಯಾಪಾರಿಗೆ ಒಪ್ಪಿಸುವ ಬದಲು, ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟಿ ತಮ್ಮದೇ ಹೆಸರಿನಲ್ಲಿ ಮಾರುವ ಆಸೆ ಇಂದಿನ ಯುವಕರಲ್ಲಿ ಮೂಡಿದೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದವರೂ ಅವರಲ್ಲಿದ್ದಾರೆ. ಇಂತಹ ಪ್ರಯತ್ನಗಳನ್ನು ಈಗ ಸ್ಟಾರ್ಟ್‌ಅಪ್ ಎಂದೂ ನವೋದ್ಯಮ ಎಂದೂ ಕರೆಯುತ್ತಾರೆ. ಕೇಂದ್ರ ಸರ್ಕಾರ 2016ರ ಜನವರಿ 16ರಂದು ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆಗೆ ಚಾಲನೆ ನೀಡಿದ ಮೇಲೆ ಈ ಶಬ್ದ ಹಳ್ಳಿಗಳಿಗೂ ಬಂದಿತು. 2020ರ ಫೆಬ್ರವರಿಯಲ್ಲಿ ದೇಶದಾದ್ಯಂತ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಆರಂಭವಾಯಿತು. ರೈತರೇ ಷೇರುದಾರರಾಗುವ ಕಂಪನಿಗಳ ಪರಿಚಯವೂ ಹೀಗೆ ಹೆಚ್ಚಿತು. ಕೂಡಿ ದುಡಿಯುವ ಸಂಸ್ಥೆ ನಮಗೆ ಹೊಸತೇನಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತ್ತು. ಆದರೆ ಕಾಫಿ ಸೀಮೆಯ ಸ್ಥಿತಿ ತುಸು ಬೇರೆ. 1942ರ ಕಾಫಿ ಕಾಯಿದೆಯ ವ್ಯವಸ್ಥೆಯಲ್ಲಿ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದನು. ಯಾರಿಗೆ ಮಾರಬೇಕು, ಯಾವಾಗ ಮಾರಬೇಕು ಎಂಬ ಚಿಂತೆ ಅವನದಾಗಿರಲಿಲ್ಲ. ಆ ಕಟ್ಟು 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಸ್ವಾತಂತ್ರ್ಯದ ಜೊತೆಗೆ ನಿರ್ಧಾರದ ಹೊರೆಯೂ ಮನೆಯ ಜಗಲಿಗೆ ಬಂದಿತು. ಆ ಹೊರೆಯನ್ನು ಹಂಚಿಕೊಂಡು ಹೊರುವ ಅಭ್ಯಾಸ ಮಾತ್ರ ಅಷ್ಟೇ ವೇಗದಲ್ಲಿ ಬೆಳೆಯಲಿಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಬಣಕಲ್ ಹೋಬಳಿಯ ಒಂದು ಊರಿನಲ್ಲಿ ಐದು ಮಂದಿ ಸೇರಿ ಕಾಫಿಪುಡಿಯ ಉದ್ದಿಮೆ ತೆರೆದಿದ್ದಾರೆ. ಮನೆಯ ದೊಡ್ಡಪ್ಪನವರು ಕಣವನ್ನೂ ಗೋದಾಮನ್ನೂ ಮೊದಲ ಬಂಡವಾಳವನ್ನೂ ಕೊಟ್ಟವರು. ಓದಿ ಬಂದ ತಮ್ಮನ ಮಗ ಮಾರಾಟ ನೋಡಿಕೊಳ್ಳುತ್ತಾನೆ. ಪಕ್ಕದ ತೋಟದವರೊಬ್ಬರು ಪಾಲುದಾರರು. ಹುರಿಯುವ ಯಂತ್ರದ ಮುಂದೆ ನಿಲ್ಲುವ ಅನುಭವಿ ಕೆಲಸಗಾರನೊಬ್ಬನಿದ್ದಾನೆ. ಮನೆಯ ಸೊಸೆ ಲೆಕ್ಕ ಬರೆಯುತ್ತಾಳೆ. ದೊಡ್ಡಪ್ಪನವರು ಸಭೆ ಕರೆದು, "ಮಳೆಗಾಲಕ್ಕೆ ಮುಂಚೆ ದೊಡ್ಡ ಯಂತ್ರವನ್ನೇ ತಂದುಬಿಡೋಣ ಎಂದುಕೊಂಡಿದ್ದೇನೆ. ನೀವೆಲ್ಲ ಏನು ಹೇಳುತ್ತೀರಿ?" ಎಂದು ಕೇಳುತ್ತಾರೆ. "ನೀವು ಹೇಳಿದ ಮೇಲೆ ಮುಗಿಯಿತು ದೊಡ್ಡಪ್ಪ" ಎನ್ನುತ್ತಾನೆ ಹುಡುಗ. ಪಕ್ಕದ ತೋಟದವರು ತಲೆಯಾಡಿಸುತ್ತಾರೆ. ಕೆಲಸಗಾರ ಬಾಗಿಲ ಬಳಿ ನಿಂತೇ ಇರುತ್ತಾನೆ. ಸೊಸೆ ಕಾಫಿಯ ತಟ್ಟೆ ಇಟ್ಟು ಒಳಗೆ ಹೋಗಿರುತ್ತಾಳೆ. ಹತ್ತು ನಿಮಿಷದಲ್ಲಿ ಸಭೆ ಸರ್ವಾನುಮತದಿಂದ ಮುಗಿಯುತ್ತದೆ.

ಸಭೆ ಮುಗಿದ ಮೇಲೆ ನಿಜವಾದ ಸಭೆ ಆರಂಭವಾಗುತ್ತದೆ. ಈಗಿರುವ ವಿದ್ಯುತ್ ಸಂಪರ್ಕ ಆ ಯಂತ್ರವನ್ನು ತಾಳುವುದಿಲ್ಲವೆಂದು ಕೆಲಸಗಾರ ತೋಟದ ಗೇಟಿನ ಬಳಿ ಹುಡುಗನಿಗೆ ಹೇಳುತ್ತಾನೆ. ಅಂಗಡಿಗಳಿಂದ ಎರಡು ತಿಂಗಳ ಬಾಕಿ ಬಂದಿಲ್ಲ, ಸಾಲದ ಮೊದಲ ಕಂತನ್ನು ಕಟ್ಟುವುದೇ ಕಷ್ಟ ಎಂದು ಸೊಸೆ ರಾತ್ರಿ ಗಂಡನೊಡನೆ ಹೇಳುತ್ತಾಳೆ. ದೊಡ್ಡ ಯಂತ್ರಕ್ಕೆ ತಕ್ಕಷ್ಟು ಗಿರಾಕಿಗಳಿಲ್ಲವೆಂದು ಹುಡುಗನಿಗೇ ಗೊತ್ತಿತ್ತು. ಇಡೀ ಸತ್ಯ ಅದೇ ಮನೆಯಲ್ಲಿತ್ತು. ಸಭೆಯಲ್ಲಿ ಮಾತ್ರ ಇರಲಿಲ್ಲ. ಆರು ತಿಂಗಳ ಬಳಿಕ ಯಂತ್ರ ಸುಮ್ಮನೆ ನಿಂತಾಗ ಹಿರಿಯರು, "ಎಲ್ಲರೂ ಒಪ್ಪಿಯೇ ತಂದದ್ದಲ್ಲವೇ?" ಎನ್ನುತ್ತಾರೆ. ಕಿರಿಯರು, "ನಮ್ಮನ್ನು ಯಾರು ಕೇಳಿದರು?" ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಮನಸ್ತಾಪ ಹುಟ್ಟುವುದು ಇಂತಹ ಸ್ಥಳದಲ್ಲಿಯೇ.

ಇಲ್ಲಿ ಯಾರ ಗುಣದಲ್ಲಿಯೂ ದೋಷವಿಲ್ಲ ಎಂಬುದನ್ನು ಗಮನಿಸಬೇಕು. ದೊಡ್ಡಪ್ಪನವರು ಸರ್ವಾಧಿಕಾರಿಯಲ್ಲ, ಕೇಳಿಯೇ ಕೇಳಿದರು. ಹುಡುಗ ಹೇಡಿಯಲ್ಲ, ಹಿರಿಯರಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವನು. ದೋಷವಿರುವುದು ಮಾತಿನ ಸರದಿಯಲ್ಲಿ. ಹಿರಿಯರು ತಮ್ಮ ಇಂಗಿತವನ್ನು ಮೊದಲೇ ತಿಳಿಸಿ ಆಮೇಲೆ ಪ್ರಶ್ನೆ ಕೇಳಿದರೆ, ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. ಅಪ್ಪಣೆಗೆ ನಮ್ಮ ಮನೆಗಳಲ್ಲಿ ಒಂದೇ ಉತ್ತರ. ಆದುದರಿಂದ ಹೊಸ ಉದ್ದಿಮೆಯ ಸಭೆಯಲ್ಲಿ ಪಾಲಿಸಬೇಕಾದ ಮೊದಲ ನಿಯಮವೇ ಇದು: ಕಿರಿಯರು ಮೊದಲು ಮಾತನಾಡಲಿ, ಹಿರಿಯರು ಕೊನೆಗೆ ಮಾತನಾಡಲಿ.

ಈ ನಿಯಮ ಹೊಸ ಕಾಲದ ವ್ಯವಹಾರಶಾಸ್ತ್ರದವರು ಕಂಡುಹಿಡಿದುದಲ್ಲ. ಕ್ರಿ.ಶ. ಸುಮಾರು 200ರಲ್ಲಿ ಸಂಕಲನಗೊಂಡ ಯೆಹೂದ್ಯರ ಮಿಶ್ನಾ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲಿ ನ್ಯಾಯಸಭೆಯ ಕ್ರಮವನ್ನು ವಿಧಿಸಲಾಗಿದೆ. ಹಣದ ವ್ಯಾಜ್ಯಗಳಲ್ಲಿ ಹಿರಿಯ ನ್ಯಾಯಾಧೀಶರಿಂದ ಅಭಿಪ್ರಾಯ ಕೇಳಲು ಆರಂಭಿಸಬಹುದು. ಪ್ರಾಣದಂಡನೆಯ ವ್ಯಾಜ್ಯಗಳಲ್ಲಿ ಮಾತ್ರ ಅಂಚಿನಲ್ಲಿ ಕುಳಿತ ಕಿರಿಯರಿಂದ ಆರಂಭಿಸಬೇಕು. ತಪ್ಪಿದರೆ ತಿದ್ದಿಕೊಳ್ಳಬಹುದಾದ ವಿಷಯದಲ್ಲಿ ಒಂದು ಕ್ರಮ, ತಿದ್ದಲಾರದ ವಿಷಯದಲ್ಲಿ ಇನ್ನೊಂದು ಕ್ರಮ. ಈ ವಿವೇಕ ನಮಗೂ ಸಲ್ಲುತ್ತದೆ. ಪೊಟ್ಟಣದ ಬಣ್ಣ ಯಾವುದಿರಲಿ ಎಂಬಂತಹ ಸಣ್ಣ ಮಾತಿಗೆ ಯಾರು ಮೊದಲು ನುಡಿದರೂ ನಷ್ಟವಿಲ್ಲ. ಸಾಲ, ಯಂತ್ರ, ಹೊಸ ಪಾಲುದಾರ, ಕರಾರು ಮುಂತಾದ ಹಿಂದೆಗೆಯಲಾಗದ ನಿರ್ಧಾರಗಳಲ್ಲಿ ಕಿರಿಯರಿಂದಲೇ ಆರಂಭವಾಗಬೇಕು.

ನಮ್ಮ ಪರಂಪರೆಯನ್ನು ನೋಡಿದರೂ ಈ ಅಂಶ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಮಂತ್ರಿಗಳು. ಶರಣರನ್ನು ಒಂದುಗೂಡಿಸಿದವರೂ, ದಾಸೋಹದ ಹೊಣೆ ಹೊತ್ತವರೂ ಅವರೇ. ಆದರೂ ಪರಂಪರೆ ಹೇಳುವಂತೆ ಅನುಭವ ಮಂಟಪದ ಶೂನ್ಯಸಿಂಹಾಸನದ ಮೇಲೆ ಕುಳಿತವರು ಅಲ್ಲಮಪ್ರಭುಗಳು. ಕಟ್ಟಿದವರು ಒಬ್ಬರು, ಅಧ್ಯಕ್ಷತೆ ವಹಿಸಿದವರು ಇನ್ನೊಬ್ಬರು. ವೆಚ್ಚ ಭರಿಸಿದವರೇ ಅಧ್ಯಕ್ಷರೂ ಆಗಿದ್ದರೆ ಅಲ್ಲಿ ಅಂಬಿಗರ ಚೌಡಯ್ಯನವರ ನಿಷ್ಠುರ ನುಡಿಗೆ ಎಷ್ಟು ಅವಕಾಶವಿರುತ್ತಿತ್ತು? ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರೆಂದೂ, ಮಾರಯ್ಯನವರು ಒಪ್ಪಿ ನಡೆದರೆಂದೂ ಬಲ್ಲೆವು. ಮನೆಯ ಲೆಕ್ಕ ಬಲ್ಲ ಹೆಣ್ಣುಮಗಳ ಮಾತಿಗೆ ಅಲ್ಲಿ ಬೆಲೆಯಿತ್ತು. ನಮ್ಮ ಕಲ್ಪನೆಯ ಸಭೆಯಲ್ಲಿ ಲೆಕ್ಕ ಬರೆಯುವ ಸೊಸೆ ಒಳಗೆ ಹೋದಾಗ ಲೆಕ್ಕವೇ ಒಳಗೆ ಹೋಯಿತು ಎಂಬುದನ್ನು ಮರೆಯಬಾರದು. ಯಾವ ವಿಷಯದಲ್ಲಿ ನಿರ್ಧಾರವಾಗಬೇಕೋ ಆ ವಿಷಯವನ್ನು ಕೈಯಾರೆ ಬಲ್ಲವರಿಗೆ ಸಭೆಯಲ್ಲಿ ಪೀಠವಿರಬೇಕು. ಕೆಲಸಗಾರನೂ ಬಾಗಿಲ ಬಳಿ ನಿಲ್ಲದೆ ಕುಳಿತುಕೊಳ್ಳಬೇಕು.

ಇಂದಿನ ಕರ್ನಾಟಕದ ನಿದರ್ಶನವೊಂದನ್ನೂ ನೋಡೋಣ. ಇನ್ಫೋಸಿಸ್ ಸಂಸ್ಥೆಯನ್ನು 1981ರಲ್ಲಿ ಏಳು ಮಂದಿ ಅಲ್ಪ ಬಂಡವಾಳದಿಂದ ಆರಂಭಿಸಿದರು. ಒಂಬತ್ತು ವರ್ಷ ದುಡಿದ ಮೇಲೂ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. 1990ರ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಐವರು ಸ್ಥಾಪಕರು ಬೆಂಗಳೂರಿನ ತಮ್ಮ ಸಣ್ಣ ಕಚೇರಿಯಲ್ಲಿ ಸೇರಿದರು. ಸಂಸ್ಥೆಯನ್ನು ಹತ್ತು ಲಕ್ಷ ಡಾಲರಿಗೆ ಮಾರಬೇಕೆ ಬೇಡವೆ ಎಂಬುದು ಅಂದಿನ ಪ್ರಶ್ನೆ. ಎನ್.ಆರ್. ನಾರಾಯಣಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಇದನ್ನು ನಿರೂಪಿಸಿದ್ದಾರೆ. ಅವರು ಕಿರಿಯ ಸಹೋದ್ಯೋಗಿಗಳನ್ನು ಮೊದಲು ಮಾತನಾಡಲು ಬಿಟ್ಟರು. ಪಟ್ಟ ಕಷ್ಟ, ಮುಂದಿನ ಭಯ ಇವುಗಳ ಬಗ್ಗೆ ಸುಮಾರು ನಾಲ್ಕು ಗಂಟೆ ಚರ್ಚೆ ನಡೆಯಿತು. ಅಷ್ಟು ಹೊತ್ತು ಮುಖ್ಯಸ್ಥರು ಒಂದು ಮಾತನ್ನೂ ಆಡಲಿಲ್ಲ. ಕೊನೆಗೆ ತಮ್ಮ ಸರದಿ ಬಂದಾಗ, ಎಲ್ಲರಿಗೂ ಮಾರುವ ಮನಸ್ಸಿದ್ದರೆ ಅವರ ಪಾಲನ್ನು ತಾವೇ ಕೊಳ್ಳುವುದಾಗಿ ಹೇಳಿದರು. ಅದಕ್ಕೆ ಬೇಕಾದ ಹಣ ಅವರಲ್ಲಿರಲಿಲ್ಲ, ಭರವಸೆ ಇತ್ತು. ಮತ್ತೊಂದು ಗಂಟೆಯ ವಿಚಾರ ವಿನಿಮಯದ ಬಳಿಕ ಮಾರುವ ಆಲೋಚನೆಯನ್ನು ಎಲ್ಲರೂ ಕೈಬಿಟ್ಟರು. 1993ರಲ್ಲಿ ಆ ಸಂಸ್ಥೆಯ ಷೇರುಗಳು ಭಾರತದ ಪೇಟೆಗೂ 1999ರಲ್ಲಿ ಅಮೆರಿಕದ ನ್ಯಾಸ್ಡ್ಯಾಕ್ ಪೇಟೆಗೂ ಬಂದವು.

ಮುಖ್ಯಸ್ಥರು ಆ ಬೆಳಿಗ್ಗೆ ಮೊದಲ ಐದು ನಿಮಿಷದಲ್ಲಿಯೇ "ಮಾರುವುದು ಬೇಡ" ಎಂದು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು. ಬಹುಶಃ ಎಲ್ಲರೂ ಒಪ್ಪುತ್ತಿದ್ದರು. ಆದರೆ ಅವರ ದಣಿವು ಹೊರಬರದೆ ಒಳಗೇ ಉಳಿದು, ಮುಂದಿನ ಕಷ್ಟದ ದಿನ ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕೊನೆಗೆ ಮಾತನಾಡಿದ್ದರಿಂದ ಹಿರಿಯರ ಮಾತಿನ ತೂಕ ಕಡಿಮೆಯಾಗಲಿಲ್ಲ, ಹೆಚ್ಚಿತು. ಕೊನೆಯ ಸರದಿ ಹಿರಿತನಕ್ಕೆ ಕುಂದೆಂದು ಭಾವಿಸುವವರಿಗೆ ಇಷ್ಟನ್ನು ನಿವೇದಿಸಬಯಸುತ್ತೇನೆ.

ಇನ್ನು ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ರೈತ ಉತ್ಪಾದಕ ಕಂಪನಿಗೆ ಕನಿಷ್ಠ ಹತ್ತು ಮಂದಿ ಉತ್ಪಾದಕರು ಬೇಕು. ನಿರ್ದೇಶಕರು ಐದರಿಂದ ಹದಿನೈದು. ಆಡಳಿತ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ ಆಗಬೇಕು. ಸಾಮಾನ್ಯವಾಗಿ ಏಳು ದಿನ ಮುಂಚೆ ಲಿಖಿತ ಸೂಚನೆ ಹೋಗಬೇಕು. ಕೋರಂ ಎಂದರೆ ಒಟ್ಟು ನಿರ್ದೇಶಕರ ಮೂರರಲ್ಲೊಂದು ಭಾಗ, ಮೂವರಿಗೆ ಕಡಿಮೆಯಿಲ್ಲ. ಸದಸ್ಯರು ವ್ಯಕ್ತಿಗಳೇ ಆಗಿರುವಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಖಾಸಗಿ ಕಂಪನಿಯಲ್ಲಿ ಸಾಮಾನ್ಯವಾಗಿ ಮತವು ಷೇರನ್ನು ಅನುಸರಿಸುತ್ತದೆ. ಸ್ಟಾರ್ಟ್‌ಅಪ್ ಎಂದು ಮಾನ್ಯತೆ ಪಡೆದ ಖಾಸಗಿ ಕಂಪನಿಗಳಿಗೆ 2017ರಲ್ಲಿ ರಿಯಾಯಿತಿ ದೊರೆತು, ಆರು ತಿಂಗಳಿಗೊಂದರಂತೆ ವರ್ಷಕ್ಕೆ ಎರಡು ಆಡಳಿತ ಮಂಡಳಿ ಸಭೆ ನಡೆಸಿದರೆ ಸಾಕೆಂದಾಯಿತು. ಆದುದರಿಂದ ಯಾವ ಸ್ವರೂಪದ ಸಂಸ್ಥೆ ಬೇಕು ಎಂಬುದನ್ನು ನೋಂದಣಿಗೆ ಮುಂಚೆಯೇ ಮನೆಯವರೆಲ್ಲ ಕುಳಿತು ಯೋಚಿಸಬೇಕು. ಆದರೆ ಕಾನೂನು ಸಭೆ ಎಷ್ಟು ಬಾರಿ ಆಗಬೇಕೆಂದು ಹೇಳೀತೇ ಹೊರತು, ಅದರಲ್ಲಿ ನಿಜ ನುಡಿಯುವಂತೆ ಮಾಡಲಾರದು. ಅದು ನಮ್ಮ ನಡಾವಳಿಗೆ ಬಿಟ್ಟ ಸಂಗತಿ.

ನಡಾವಳಿ ಹೇಗಿರಬೇಕು? ಕೆಲವು ಅಂಶಗಳನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಸಭೆಗೆ ಬೆಲೆಯಿದೆ ಎಂಬುದನ್ನು ತಿಳಿಯಬೇಕು. ಐದು ಮಂದಿ ವಾರಕ್ಕೊಮ್ಮೆ ಎರಡು ಗಂಟೆ ಕುಳಿತರೆ ಹತ್ತು ಗಂಟೆಯ ದುಡಿಮೆ ಅದಕ್ಕೆ ಸಂದಿತು. ವರ್ಷದ 52 ವಾರಗಳಿಗೆ 520 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 65 ಆಳುದಿನ. ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ಆಳಿಗಾಗಿ ಊರೂರು ಅಲೆಯುವ ನಾವು ಈ 65 ಆಳುಗಳ ಲೆಕ್ಕವನ್ನು ಇಡುವುದಿಲ್ಲ. ಸುದ್ದಿ ತಿಳಿಸುವುದಕ್ಕೆಂದೇ ಸಭೆ ಬೇಡ. ಅದಕ್ಕೆ ಒಂದು ಚೀಟಿ ಅಥವಾ ವಾಟ್ಸ್‌ಆ್ಯಪ್ ಸಂದೇಶ ಸಾಕು. ನಿರ್ಧಾರ ಬೇಕಾದಾಗ ಸಭೆ ಬೇಕು. ಇಂತಿಷ್ಟು ರೂಪಾಯಿಯೊಳಗಿನ ಖರ್ಚನ್ನು ಹೊಣೆಗಾರರೇ ತೀರ್ಮಾನಿಸಬಹುದು ಎಂದು ಒಮ್ಮೆ ಗೊತ್ತುಮಾಡಿದರೆ ಅರ್ಧ ಸಭೆಗಳು ತಾವಾಗಿಯೇ ನಿಲ್ಲುತ್ತವೆ.

ಎರಡನೆಯದಾಗಿ, ನಿತ್ಯದ ಸಭೆಯನ್ನೂ ನಿರ್ಣಯದ ಸಭೆಯನ್ನೂ ಬೇರ್ಪಡಿಸಬೇಕು. ಇಂಟೆಲ್ ಕಂಪನಿಯನ್ನು ನಡೆಸಿದ ಆಂಡ್ರ್ಯೂ ಗ್ರೋವ್ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನು ಮಾಡಿದ್ದಾರೆ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ನಡೆಯುವ ಸಭೆ ಒಂದು ಬಗೆ. ಒಂದು ನಿರ್ದಿಷ್ಟ ಪ್ರಶ್ನೆಯನ್ನು ತೀರ್ಮಾನಿಸಲು ಕರೆಯುವ ಸಭೆ ಇನ್ನೊಂದು ಬಗೆ. ವಾರದ ಸಭೆ ಅರ್ಧ ಗಂಟೆಯಲ್ಲಿ ಮುಗಿಯಲಿ: ಎಷ್ಟು ಹುರಿದೆವು, ಎಷ್ಟು ಮಾರಿದೆವು, ಎಷ್ಟು ಬಾಕಿ ಬರಬೇಕು, ಎಲ್ಲಿ ತೊಡಕಾಗಿದೆ. ಯಂತ್ರದ ಪ್ರಶ್ನೆ ಅದರೊಳಗೆ ನುಸುಳಬಾರದು. ಅದಕ್ಕೆ ಬೇರೆ ದಿನ, ಬೇರೆ ಸೂಚನೆ.

ಮೂರನೆಯದಾಗಿ, ನಿರ್ಣಯದ ಸಭೆಗೆ ಮುಂಚೆ ಪ್ರಶ್ನೆ ಬರೆಹದಲ್ಲಿ ಎಲ್ಲರ ಕೈ ಸೇರಬೇಕು. "ಯಂತ್ರದ ವಿಷಯ" ಎಂದು ಬರೆದರೆ ಸಾಲದು. ಬೆಲೆ ಎಷ್ಟು, ಹಣ ಎಲ್ಲಿಂದ, ವಿದ್ಯುತ್ತಿನ ಏರ್ಪಾಡೇನು, ತಿಂಗಳಿಗೆ ಎಷ್ಟು ಪುಡಿ ಮಾರಿದರೆ ಕಂತು ಹುಟ್ಟೀತು ಎಂಬುದಿರಬೇಕು. ನೂರು ಕಿಲೋ ಬೀಜ ಹುರಿದರೆ ಕೈಗೆ ಬರುವುದು ಸುಮಾರು 80ರಿಂದ 85 ಕಿಲೋ ಮಾತ್ರ. ಈ ತೂಕದ ನಷ್ಟವನ್ನು ಬಿಟ್ಟು ಹಾಕಿದ ಲೆಕ್ಕ ಲೆಕ್ಕವೇ ಅಲ್ಲ. ಅಮೆಜಾನ್ ಕಂಪನಿಯಲ್ಲಿ ಸಭೆಯ ಆರಂಭಕ್ಕೆ ಎಲ್ಲರೂ ಮೌನವಾಗಿ ಕುಳಿತು ಲಿಖಿತ ಟಿಪ್ಪಣಿಯನ್ನು ಓದುವ ಪದ್ಧತಿಯಿದೆ. ಓದದೆ ಬಂದವರೂ ಅಲ್ಲಿಯೇ ಓದಬೇಕಾಗುತ್ತದೆ. ಹಿರಿಯರ ಎದುರು ಬಾಯಿ ತೆರೆಯಲು ಅಳುಕುವ ಕಿರಿಯರಿಗೆ ಬರೆಹ ಒಂದು ಆಸರೆ. ಬಾಯಲ್ಲಿ ಹೇಳಿದರೆ ಎದುರುತ್ತರವೆನಿಸುವ ಮಾತು ಕಾಗದದಲ್ಲಿ ಲೆಕ್ಕವೆನಿಸುತ್ತದೆ.

ನಾಲ್ಕನೆಯದಾಗಿ, ಮಲೆನಾಡಿನ ಋತುವನ್ನು ನೋಡಿ ಸಭೆಯ ಪಂಚಾಂಗ ಹಾಕಬೇಕು. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು. ಆ ದಿನಗಳಲ್ಲಿ ಕಣ ಬಿಟ್ಟು ಯಾರೂ ದೀರ್ಘಸಭೆಗೆ ಕೂರಲಾರರು. ಎಷ್ಟು ಕಾಫಿ ಕೊಳ್ಳಬೇಕು, ಯಾವ ಬೆಲೆಯವರೆಗೆ ಹೋಗಬಹುದು ಎಂಬುದು ಅಕ್ಟೋಬರಿನಲ್ಲಿಯೇ ನಿರ್ಣಯವಾಗಬೇಕು. 2024ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ, ಬೆಳೆದವರಿಗೆ ಹರ್ಷವಾದರೂ ಕೊಂಡು ಹುರಿದು ಮಾರುವವರಿಗೆ ಇಕ್ಕಟ್ಟಾಯಿತು. ಬೆಲೆಯ ಮಿತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳದವರಿಗೆ ಅಂತಹ ಕಾಲದಲ್ಲಿ ಕಷ್ಟ ಹೆಚ್ಚು. ಜೂನಿನಿಂದ ಮಳೆ ಹಿಡಿದ ಮೇಲೆ ಬಿಡುವು ಸಿಗುತ್ತದೆ; ಆದರೆ ವಿದ್ಯುತ್ತೂ ಫೋನೂ ಕೈಕೊಡುವ ಕಾಲವದು. ಬೆಂಗಳೂರಿನಲ್ಲಿರುವ ಪಾಲುದಾರರು ಫೋನಿನಲ್ಲಿ ಸೇರುವುದಿದ್ದರೆ ಅವರ ಅಭಿಪ್ರಾಯವನ್ನು ಮುಂಚಿತವಾಗಿ ಬರೆಯಿಸಿ ತರಿಸಿಕೊಂಡಿರಬೇಕು.

ಐದನೆಯದಾಗಿ, ನಡಾವಳಿ ಪುಸ್ತಕ. ಪುಟಗಟ್ಟಲೆ ಬರೆಯುವ ಅಗತ್ಯವಿಲ್ಲ. ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವ ದಿನದೊಳಗೆ ಎಂಬ ಮೂರು ಕಾಲಮುಗಳು ಸಾಕು. ಒಪ್ಪದವರಿದ್ದರೆ ಅವರ ಕಾರಣವನ್ನೂ ಒಂದು ಸಾಲು ಬರೆಯಬೇಕು. ಇದು ಮುಂದೆ ದೂಷಿಸುವುದಕ್ಕಲ್ಲ. ಯಾವ ಆಧಾರದ ಮೇಲೆ ನಿರ್ಧರಿಸಿದೆವು ಎಂಬ ನೆನಪು ಉಳಿಯಲೆಂದು. "ನಾನು ಆವತ್ತೇ ಹೇಳಿದ್ದೆ" ಎಂಬ ವಾದಗಳು ಬರೆಹದ ಮುಂದೆ ನಿಲ್ಲುವುದಿಲ್ಲ. ಮುಂದಿನ ಸಭೆ ಆ ಮೂರು ಕಾಲಮುಗಳನ್ನು ಓದುವುದರಿಂದಲೇ ಆರಂಭವಾಗಬೇಕು. ಹೀಗೆ ಓದುವ ಪದ್ಧತಿ ಇಲ್ಲದ ಕಡೆ ಒಂದೇ ವಿಷಯ ನಾಲ್ಕು ಸಭೆಗಳಲ್ಲಿ ತೀರ್ಮಾನವಾಗಿ ಐದನೆಯದಕ್ಕೂ ಹಾಗೆಯೇ ಉಳಿದಿರುತ್ತದೆ.

ಕಿರಿಯರಿಗೂ ಎರಡು ಮಾತು ಹೇಳಬೇಕು. ಮೊದಲ ಸರದಿ ನಿಮಗೆ ದೊರೆತಾಗ ಅದು ಹಿರಿಯರನ್ನು ಮೀರುವ ಸನ್ನದಲ್ಲ. ತಿಳಿದುದನ್ನು ವಿನಯದಿಂದ, ಅಂಕಿಗಳೊಡನೆ ಹೇಳಿ. ಸಭೆಯಲ್ಲಿ ಸುಮ್ಮನಿದ್ದು ಗೇಟಿನ ಬಳಿ ಮಾತನಾಡುವುದು ಗೌರವವಲ್ಲ. ಅದು ಹಿರಿಯರನ್ನು ಕತ್ತಲಲ್ಲಿ ನಡೆಯಲು ಬಿಟ್ಟಂತೆ. ಎಲ್ಲರೂ ಮಾತನಾಡಿದ ಮೇಲೆ ಹೊಣೆ ಹೊತ್ತವರು ನಿಮ್ಮ ಮಾತಿಗೆ ವಿರುದ್ಧವಾಗಿಯೂ ತೀರ್ಮಾನಿಸಬಹುದು. ಸಭೆ ಎಂದರೆ ತಲೆ ಎಣಿಕೆ ಮಾತ್ರವಲ್ಲ. ಯಾರಾದರೊಬ್ಬರು ನಿರ್ಧರಿಸಲೇಬೇಕಾದ ಸಂದರ್ಭ ಹೊಸ ಉದ್ದಿಮೆಯಲ್ಲಿ ಪದೇ ಪದೇ ಬರುತ್ತದೆ. ನಿಮ್ಮ ಮಾತನ್ನು ಪೂರ್ತಿ ಕೇಳಿದ ಮೇಲೆ ಆದ ತೀರ್ಮಾನವಾದರೆ ಹೊಸಿಲು ದಾಟಿದ ಬಳಿಕ ಅದು ನಿಮ್ಮದೂ ಹೌದು. ಆಗ ಹೊರಗಿನವರ ಮುಂದೆ ಎರಡು ಮಾತು ಸಲ್ಲದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಿದೆ. ಯಾವಾಗ ಸುಮ್ಮನಿರಬೇಕೆಂಬ ತಿಳಿವೂ ಮಾತು ಬಲ್ಲವರ ಲಕ್ಷಣವೇ. ಈ ತಿಂಗಳು ಯಾರ ಮನೆಯಲ್ಲಿ ಉದ್ದಿಮೆಯ ಸಭೆ ಸೇರುವುದಿದೆಯೋ ಅಲ್ಲಿನ ಹಿರಿಯರು ಒಂದು ಸಣ್ಣ ಪ್ರಯೋಗ ಮಾಡಿ ನೋಡಲಿ. ಪ್ರಶ್ನೆಯನ್ನು ಮಾತ್ರ ಮುಂದಿಟ್ಟು, ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ. ಕಿರಿಯರಿಂದ ಆರಂಭಿಸಿ ಎಲ್ಲರ ಮಾತನ್ನೂ ಕೇಳಲಿ. ತಮ್ಮ ಸರದಿ ಬಂದಾಗ ಚೀಟಿಯನ್ನು ತೆರೆದು, ಅದರಲ್ಲಿರುವುದನ್ನೇ ಈಗಲೂ ಹೇಳುವೆನೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಅದನ್ನೇ ಹೇಳುವುದಾದರೆ ಆ ಮಾತಿಗೆ ಎಲ್ಲರ ಬಲ ಸೇರಿರುತ್ತದೆ. ಬದಲಿಸುವುದಾದರೆ ಒಂದು ಯಂತ್ರದ ಸಾಲವೂ, ಅದಕ್ಕಿಂತ ಮಿಗಿಲಾಗಿ ಮನೆಯೊಳಗಿನ ಒಂದು ಮನಸ್ತಾಪವೂ ಉಳಿಯುತ್ತವೆ.